ಇಂದುವಿನ ಓಟಕ್ಕೆ ಬೆಲೆ

ಜಪಾನಿನಲ್ಲಿ ಹದಿನೆಂಟು ವರ್ಷ ಇದ್ದು ನಾನು ಚೆನ್ನಾಗಿ ಕಲಿತದ್ದು ಒಂದೇ: ಏನನ್ನೂ ಕೇಳದೆ ಇರುವುದು. ಸಂಬಳ ಹೆಚ್ಚಿಸಿ ಎನ್ನಲಿಲ್ಲ, ಕಿಟಕಿಯ ಪಕ್ಕದ ಮೇಜು ಕೊಡಿ ಎನ್ನಲಿಲ್ಲ. ಬಾಯಿಬಿಟ್ಟರೆ ಬಣ್ಣಗೇಡು ಎಂದು ಮೈಸೂರಿನಲ್ಲಿ ಅಜ್ಜಿ ಹೇಳುತ್ತಿದ್ದರು. ಇಲ್ಲಿ ನೋಡಿದರೆ ಇಡೀ ದೇಶವೇ ಅಜ್ಜಿಯ ಮಾತು ಕೇಳಿಕೊಂಡಿರುವಂತಿತ್ತು. ನನ್ನಂಥ ಪುಕ್ಕಲನಿಗೆ ಇದಕ್ಕಿಂತ ಅನುಕೂಲದ ಊರು ಸಿಗಲಾರದು ಎಂದುಕೊಂಡಿದ್ದೆ.

ನನ್ನ ಕೆಲಸ ಟೋಕಿಯೊದಲ್ಲಿ ವಿಡಿಯೊ ಗೇಮ್ ಮಾಡುವ ಕಂಪನಿಯೊಂದರಲ್ಲಿ, ಮನೆ ಇಚಿಕಾವಾದಲ್ಲಿ. ಮಗಳ ಹೆಸರು ಇಂದು. ತ್ಸುಕುಬಾದ ಹಾಸ್ಟೆಲಿನಲ್ಲಿದ್ದು ಪದವಿಯ ಮೂರನೆಯ ವರ್ಷ ಓದುತ್ತಾ ಕಾಲೇಜಿನ ಎಕಿದೆನ್ ತಂಡದಲ್ಲಿ ಓಡುತ್ತಿದ್ದಳು. ಎಕಿದೆನ್ ಎಂದರೆ ರಸ್ತೆಯ ಮೇಲೆ ಓಡುವ ರಿಲೇ. ಒಬ್ಬೊಬ್ಬರು ಐದಾರು ಕಿಲೋಮೀಟರ್ ಓಡಿ, ಮೈಮೇಲಿನ ಪಟ್ಟಿಯನ್ನು ಮುಂದಿನವಳ ಕೈಗೆ ಕೊಡಬೇಕು. ಇಲ್ಲಿಯ ಜನಕ್ಕೆ ಇದರ ಹುಚ್ಚು ನಮ್ಮವರ ಕ್ರಿಕೆಟ್ಟಿನ ಹುಚ್ಚಿನಷ್ಟೇ ಇದೆ. ಹಾಗಾಗಿ ನಮ್ಮ ಕಂಪನಿ ಕಾಲೇಜು ಎಕಿದೆನ್ ಬಗ್ಗೆಯೇ ಒಂದು ಗೇಮ್ ಮಾಡಲು ಹೊರಟಿತು.

"ಉಮಾಶಂಕರ್ ಸಾನ್, ನಿಮ್ಮ ಮಗಳು ಓಡುತ್ತಾಳಲ್ಲವೇ?" ಎಂದು ನಮ್ಮ ಮುಖ್ಯಸ್ಥ ಕುರಾತಾ ಸಾನ್ ಕೇಳಿದಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ಇಂದು ಮತ್ತು ಅವಳ ತಂಡದ ಇನ್ನೊಬ್ಬಳು ಎರಡು ದಿನ ಸ್ಟುಡಿಯೊಗೆ ಬಂದು ಓಡಿದರು. ಮೈಗೆ ಅಂಟಿದ ಕಪ್ಪು ಉಡುಪು, ಅದರ ತುಂಬ ಬಿಳಿ ಗುಂಡುಗಳು. ಗೇಮಿನೊಳಗಿನ ಹುಡುಗಿಯರಿಗೆ ತೊಡಿಸಲೆಂದು ಸುತ್ತಲಿನ ಕ್ಯಾಮೆರಾಗಳು ಇಂದುವಿನ ಮಂಡಿ, ಮೊಣಕೈ, ಹೆಗಲುಗಳ ಚಲನೆಯನ್ನೆಲ್ಲ ಹಿಡಿದಿಟ್ಟುಕೊಂಡವು. ಓಡುವಾಗ ಅವಳ ಎಡ ಮೊಣಕೈ ಸ್ವಲ್ಪ ಹೊರಗೆ ಹೋಗುತ್ತದೆ. ಅದೂ ದಾಖಲಾಯಿತು.

ಒಪ್ಪಿಗೆ ಪತ್ರ ಮನೆಗೆ ಬಂದದ್ದು ಏಪ್ರಿಲ್‌ನಲ್ಲಿ. ಕ್ರೀಡೆ ವಿದ್ಯಾಭ್ಯಾಸದ ಭಾಗವಾದ್ದರಿಂದ ವಿದ್ಯಾರ್ಥಿಗಳಿಗೆ ಸಂಭಾವನೆ ಇಲ್ಲ, ನೆನಪಿಗೆ ಒಂದು ಟವೆಲ್ ಕೊಡಲಾಗುವುದು ಎಂದಿತ್ತು. ಇಂದು ಅದನ್ನು ಎರಡು ಸಲ ಓದಿದಳು.

"ಅಪ್ಪ, ನನ್ನ ಓಟ ಫಾರೆವರ್ ಅವರದ್ದಂತೆ. ಅವರು ಇದನ್ನ ಮಾರ್ತಾರೆ. ನನಗೆ ಟವೆಲ್ಲಾ?"

"ಪುಟ್ಟಿ, ದುಡ್ಡು ಬೇಕಾದ್ರೆ ನಾನು ಕೊಡ್ತೀನಿ."

"ನಿನ್ನ ದುಡ್ಡು ಬೇಡಪ್ಪ. ಮುಂದಿನ ವರ್ಷ ಕಾಲೇಜಿನ ಕೊನೇ ವರ್ಷ. ಯಾವುದಾದ್ರೂ ಕಂಪನಿ ಟೀಮ್‌ಗೆ ಟ್ರೈ ಮಾಡ್ಲಾ, ಇಲ್ಲ ಓಟ ಬಿಟ್ಟು ಆಫೀಸ್ ಕೆಲಸ ಹುಡುಕ್ಲಾ ಅಂತ ಡಿಸೈಡ್ ಮಾಡ್ಬೇಕು. ನನ್ನ ಓಟಕ್ಕೆ ಯಾರಾದ್ರೂ ಪೇ ಮಾಡ್ತಾರಾ ಅಂತ ನನಗೆ ಗೊತ್ತಾಗ್ಬೇಕು. ಎಷ್ಟಾದ್ರೂ ಪರವಾಗಿಲ್ಲ. ಒಂದ್ಸಲ ಕೇಳಿ ನೋಡು, ಪ್ಲೀಸ್."

ಕೇಳುತ್ತೇನೆ ಎಂದೆ. ಮರುದಿನ ಕುರಾತಾ ಸಾನ್ ಮೇಜಿನ ಮುಂದೆ ಹೋಗಿ ನಿಂತೆ ಕೂಡ. ಅವರು ತಲೆಯೆತ್ತಿ "ಏನಾದರೂ ಹೇಳುವುದಿತ್ತೇ?" ಎಂದರು. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. "ಇವತ್ತು ಗಾಳಿ ಜಾಸ್ತಿ, ಅಲ್ಲವೇ?" ಎಂದು ಹೇಳಿ ವಾಪಸು ಬಂದೆ. ಸಂಜೆ ಮಗಳಿಗೆ ಫೋನ್ ಮಾಡಿದೆ.

"ಕೇಳಿದೆ ಪುಟ್ಟಿ. ಆಗಲ್ಲ ಅಂದ್ರು."

"ಓಕೆ. ಕೇಳಿದ್ಯಲ್ಲ, ಅರಿಗಾತೋ ಅಪ್ಪ," ಎಂದು ಜಪಾನಿ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಿದಳು. ಪತ್ರಕ್ಕೆ ಸಹಿ ಹಾಕಿ ಕಳಿಸಿದಳು.

"ನಿಜವಾಗ್ಲೂ ಕೇಳಿದ್ರೇನ್ರೀ?" ಎಂದು ಹೆಂಡತಿ ಕಾತ್ಯಾಯಿನಿ ಸುಮ್ಮನೆ ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಅವಳ ಮೇಲೆ ರೇಗಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಆ ಬೇಸಿಗೆಯೆಲ್ಲ ಇಂದು ಹಿಂದೆಂದೂ ಇಲ್ಲದಷ್ಟು ಓಡಿದಳು. ಶನಿವಾರ ಭಾನುವಾರ ಮನೆಗೆ ಬರುವುದನ್ನೂ ನಿಲ್ಲಿಸಿದಳು. ಸೆಪ್ಟೆಂಬರ್ ಕೊನೆಯ ಅರ್ಹತಾ ಓಟದಲ್ಲಿ, ಮೂರನೆಯ ಕಿಲೋಮೀಟರಿನಲ್ಲಿ, ನನ್ನ ಕಣ್ಣೆದುರಿಗೇ ಕುಸಿದು ಬಿದ್ದಳು. ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತೆವಳುತ್ತಿದ್ದಳು. ಮೇಲ್ವಿಚಾರಕರು ಓಡಿ ಬಂದು ತಡೆದರು. ಸೊಂಟದ ಕೀಲಿನ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ಮೂರು ಸ್ಕ್ರೂ ಹಾಕಿದರು. ನಡೆಯಬಹುದು, ಆದರೆ ಸ್ಪರ್ಧೆಗೆ ಓಡುವ ಮಾತು ಮರೆತುಬಿಡಿ ಎಂದರು ಡಾಕ್ಟರು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅತ್ತೆ. ಆಗ, ಇದು ಅವಳ ಹಣೆಬರಹ ಎಂದೇ ಅಳುತ್ತಿದ್ದೆ.

ಮಾರ್ಚ್‌ನಲ್ಲಿ ಗೇಮ್ ಹೊರಗೆ ಬಂತು. ಆಫೀಸಿನ ಸಂತೋಷಕೂಟದಲ್ಲಿ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ನಲವತ್ತು ಹುಡುಗಿಯರು ಓಡುತ್ತಿದ್ದರು. ಮುಖ, ಕೂದಲು, ಬಣ್ಣ ಬೇರೆಬೇರೆ. ಆದರೆ ಎಲ್ಲರ ಎಡ ಮೊಣಕೈಯೂ ಹೊರಗೆ. ಎರಡು ಮಾದರಿಗಳಲ್ಲಿ ಇಂದುವಿನದೇ ಚೆನ್ನಾಗಿದೆ ಎಂದು ಎಲ್ಲರಿಗೂ ಅದನ್ನೇ ತೊಡಿಸಿದ್ದರು.

ಕುರಾತಾ ಸಾನ್ ಪಕ್ಕಕ್ಕೆ ಬಂದು ಮಗಳ ಆರೋಗ್ಯ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಒಂದು ಮಾತು ಮನಸ್ಸಿನಲ್ಲೇ ಇತ್ತು. ಪತ್ರದಲ್ಲಿ ಸಂಭಾವನೆ ಇಲ್ಲ ಎಂದು ಬರೆಯಲೇಬೇಕು, ಅದು ಕಾಲೇಜಿನ ಮರ್ಯಾದೆಗೆ. ಆದರೆ ಮನೆಯವರು ಒಮ್ಮೆ ಬಾಯಿ ತೆರೆದರೆ ಓಡಾಟದ ಖರ್ಚು ಎಂಬ ಹೆಸರಿನಲ್ಲಿ ಕೊಡುವುದು ನಮ್ಮ ಪದ್ಧತಿ. ಇನ್ನೊಬ್ಬ ಹುಡುಗಿಯ ತಂದೆ ಕೇಳಿದರು, ಕೊಟ್ಟೆವು. ನಿಮ್ಮ ಮಗಳಿಗೆ ಅದಕ್ಕಿಂತ ಹೆಚ್ಚೇ ತೆಗೆದಿಟ್ಟಿದ್ದೆ. ನೀವು ಒಂದು ದಿನ ನನ್ನ ಮೇಜಿನ ಹತ್ತಿರ ಬಂದಿರಿ. ಈಗ ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ನಾನೇ ಕೊಟ್ಟರೆ ನಿಮಗೆ ಅವಮಾನವಾದೀತೆಂದು ಸುಮ್ಮನಾದೆ."

ಈ ದೇಶದ ರೀತಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಎಂದು ಟೋಕಿಯೊದಲ್ಲಿ ಭಾರತೀಯರು ಹೆಚ್ಚಾಗಿರುವ ನಿಶಿ ಕಸಾಯಿಯ ಕನ್ನಡದವರಿಗೆಲ್ಲ ಪಾಠ ಹೇಳುತ್ತಿದ್ದವನು ನಾನು. ಕಲಿತದ್ದು ಅರ್ಧ ಮಾತ್ರ. ಆ ಅರ್ಧಕ್ಕೆ ಮಗಳ ಓಟವನ್ನು ಪುಕ್ಕಟೆ ಕೊಟ್ಟುಬಿಟ್ಟಿದ್ದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಾತ್ಯಾಯಿನಿಯ ಎದುರಿಗೇ ಇಂದುವಿಗೆ ಎಲ್ಲ ಹೇಳಿದೆ. ಕೇಳಲೇ ಇಲ್ಲ, ಸುಳ್ಳು ಹೇಳಿದೆ, ಕೇಳಿದ್ದರೆ ಕೊಡುತ್ತಿದ್ದರು. ಬೈಯಲಿ, ತಟ್ಟೆ ಎಸೆಯಲಿ ಎಂದು ಕಾದೆ. ಅವಳು ಊರುಗೋಲನ್ನು ಕುರ್ಚಿಗೆ ಒರಗಿಸಿ, ಮೇಜಿನ ಮೇಲಿನ ಅನ್ನದ ಅಗುಳುಗಳನ್ನು ಒಂದೊಂದಾಗಿ ಒಟ್ಟು ಮಾಡುತ್ತಿದ್ದಳು.

"ಅವರು ಇಲ್ಲ ಅಂದ್ರು ಅಂತ ನೀನು ಹೇಳಿದಾಗ, ಮೇಬಿ ನಾನು ಅಷ್ಟು ಫಾಸ್ಟ್ ಇಲ್ಲ ಅಂದ್ಕೊಂಡೆ," ಎಂದಳು. "ಇನ್ನೂ ಫಾಸ್ಟ್ ಆದ್ರೆ ಯಾರಾದ್ರೂ ಕೊಡ್ತಾರೆ ಅಂತ. ಜೂನ್‌ನಿಂದ ಸೊಂಟ ನೋಯ್ತಾನೇ ಇತ್ತು. ಕೋಚ್‌ಗೆ ಹೇಳಿದ್ರೆ ರೆಸ್ಟ್ ಮಾಡು ಅಂತಾರೆ, ಅದಕ್ಕೆ ಹೇಳ್ಲಿಲ್ಲ."

"ಅಯ್ಯೋ, ನಮಗಾದ್ರೂ ಹೇಳಬಾರದಿತ್ತೇನೇ?" ಎಂದಳು ಕಾತ್ಯಾಯಿನಿ. ಅವಳ ದನಿ ಒಡೆದಿತ್ತು.

ಇಂದು ಒಂದು ಸಲ ನನ್ನ ಮುಖ ನೋಡಿ, ಮತ್ತೆ ತಾಯಿಯ ಕಡೆ ತಿರುಗಿದಳು. ಅವಳ ಮುಖದಲ್ಲಿ ಕೋಪವಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಹೇಳಿದ್ರೆ ಅಪ್ಪ ಮತ್ತೆ ಯಾರನ್ನಾದ್ರೂ ಕೇಳೋಕೆ ಹೋಗ್ಬೇಕಾಗತ್ತೆ ಅನ್ನಿಸ್ತು ಅಮ್ಮ. ಕೋಚ್‌ನ, ಡಾಕ್ಟರ್‌ನ. ಪಾಪ, ನನಗೋಸ್ಕರ ಅಂತ ಒಂದ್ಸಲ ಕೇಳಿ, ಇಲ್ಲ ಅನ್ನಿಸ್ಕೊಂಡು ಬಂದಿದಾನಲ್ಲ. ಇನ್ನೊಂದ್ಸಲ ಅವನನ್ನ ಹಾಗೆ ಕಳಿಸೋದು ಬೇಡ ಅನ್ನಿಸ್ತು."