ಆ ವಾಸನೆ ನನ್ನದಲ್ಲ

ನಾನು ಒಂದು ಬೈರಿಗೆ. ಬಡಿಗನ ಪೆಟ್ಟಿಗೆಯಲ್ಲಿ ಮಲಗುವ ಸಣ್ಣ ಬೈರಿಗೆಯಲ್ಲ, ನೆಲ ಕೊರೆದು ಮಣ್ಣನ್ನು ಮೇಲೆ ತರುವ ಆಳೆತ್ತರದ ಬೈರಿಗೆ. ಹುಟ್ಟಿದ್ದು ಗದಗಿನ ಹತ್ತಿರ, ಕಾಳಪ್ಪ ಕಮ್ಮಾರನ ಕುಲುಮೆಯಲ್ಲಿ. ಹಳೆಯ ಲಾರಿಯೊಂದರ ಸ್ಪ್ರಿಂಗ್ ಪಟ್ಟಿಯನ್ನು ಕೆಂಪಗೆ ಕಾಯಿಸಿ ಅವನು ನನಗೆ ಎರಡು ಹಲ್ಲು ಮಾಡಿದ. ಬೊಗಸೆಯ ಹಾಗೆ ಎದುರುಬದುರಾಗಿ ಬಾಗಿದ ಹಲ್ಲುಗಳು. ನೀರಿಗೆ ಅದ್ದಿದಾಗ ಬುಸುಗುಟ್ಟಿದೆ. “ಸಿಟ್ಟು ಭಾಳ ಐತಿ ಮಗಂಗ,” ಎಂದು ಕಾಳಪ್ಪ ನಕ್ಕ. ಆ ಸಿಟ್ಟು ಇನ್ನೂ ಆರಿಲ್ಲ.

ಮೊದಲು ನನ್ನನ್ನು ಕೊಂಡವರು ದ್ರಾಕ್ಷಿ ಬೆಳೆಗಾರರು. ಅವರ ತೋಟದಲ್ಲಿ ಕಂಬ ನೆಡುವ ಕುಳಿ ತೋಡಿದೆ. ಅವರು ತೋಟ ಮಾರಿದ ಮೇಲೆ ಕಾಲೇಜಿನ ಭೂವಿಜ್ಞಾನ ವಿಭಾಗ ಸೇರಿದೆ. ಕುಳಿ ತೋಡುವುದು ಬೇರೆ, ನೆಲವನ್ನು ಓದುವುದು ಬೇರೆ ಎಂದು ನನಗೆ ತಿಳಿದದ್ದು ಅಲ್ಲಿ, ಹಾದಿಮನಿ ಮೇಡಂ ಕೈಯಲ್ಲಿ. ಮೊದಲು ಬಂದ ಮಣ್ಣು ಮೊದಲು, ಆಮೇಲೆ ಬಂದದ್ದು ಆಮೇಲೆ. ನೆಲಕ್ಕೆ ಹಾಸಿದ ಹಾಳೆಯ ಮೇಲೆ ಮಣ್ಣಿನ ಸಾಲು ತಪ್ಪಬಾರದು. ನನ್ನನ್ನು ಒರೆಸಿ ಎತ್ತಿಡುತ್ತಿದ್ದವನು ಪ್ರಯೋಗಾಲಯದ ಫಕ್ಕೀರಪ್ಪ.

ಒಂದು ದಿನ ನಿಂಬೆವ್ವ ಎಂಬಾಕೆ ಬಾಟಲಿಯಲ್ಲಿ ನೀರು ಹಿಡಿದುಕೊಂಡು ಬಂದಳು. “ಮೂಸಿ ನೋಡ್ರಿ ಮೇಡಂ. ಈ ನೀರಾಗ ನಾ ಹೆಂಗ ಸಾರು ಕುದಸ್ಲಿ?” ಹೆದ್ದಾರಿಯಲ್ಲಿ ಮುಚ್ಚಿಹೋದ ಪೆಟ್ರೋಲ್ ಬಂಕಿನ ಹಿಂದೆ ಅವಳ ಖಾನಾವಳಿ, ಅದರ ಹಿತ್ತಲಲ್ಲಿ ಬಾವಿ. ಲಾರಿ ಡ್ರೈವರುಗಳು ಒಂದು ತುತ್ತು ತಿಂದು ಏಳತೊಡಗಿದ್ದರು. ಬಂಕಿನ ಜಾಗದ ಒಡೆಯ ಚನವೀರಪ್ಪ ಸಾವುಕಾರ, “ಆಕಿ ಸ್ಟೋವಿನ ವಾಸನಿ ಅದು,” ಎಂದು ಊರಿಗೆಲ್ಲ ಹೇಳುತ್ತಿದ್ದ. ನೆಲದೊಳಗಿನ ಟ್ಯಾಂಕು ಸೋರಿದ್ದು ನಿಜವಾದರೆ ಕೆಟ್ಟ ಮಣ್ಣು ತೆಗೆಸಿ ಅವಳಿಗೆ ನೀರು ಕೊಡುವ ಹೊಣೆ ಅವನದು. ಅದು ಸಾಬೀತಾಗದಿದ್ದರೆ ಅವಳ ಒಲೆ ಆರಿದಂತೆಯೇ. ಕಳಂಕವೂ ಅವಳಿಗೇ.

ನಾವು ಹೋದದ್ದು ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ಮಾರನೆಯ ದಿನ. ನನ್ನ ಹಿಡಿಕೆಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಎಸಳು ಹಾಗೆಯೇ ಇದ್ದವು. ಸಾವುಕಾರನೂ ಬಂದು ನಿಂತಿದ್ದ. ಬಂಕಿನ ಜಾಗದಲ್ಲಿ ಕೊರೆದ ಮೊದಲ ಕುಳಿಯ ಮಣ್ಣೇ ಎಣ್ಣೆ ನಾತ ಹೊಡೆಯಿತು. ಮೇಡಂ ಅದನ್ನು ಗಾಜಿನ ಭರಣಿಗೆ ತುಂಬಿ ಮುಚ್ಚಳ ಬಿಗಿಯುವಷ್ಟರಲ್ಲಿ ಫಕ್ಕೀರಪ್ಪನಿಗೆ ನನ್ನ ಹೊಳಪಿನ ಮೇಲೆ ಹೆಮ್ಮೆ ಉಕ್ಕಿತು.

“ಹೆಂಗ ಮಿಂಚಾಕತ್ತೈತಿ ನೋಡ್ರಿ ಸಾವುಕಾರ! ನಿನ್ನೆ ಪೂಜಿಗಿ ಚಿಮಣಿ ಎಣ್ಣಿ ಹಚ್ಚಿ ಗಸಗಸ ತಿಕ್ಕೇನಿ.”

ಸೀಮೆಎಣ್ಣೆಯ ಮಾತು ಕೇಳಿದ್ದೇ ಸಾವುಕಾರ ಚಪ್ಪಾಳೆ ತಟ್ಟಿದ. “ಕೇಳಿದ್ರ್ಯಾ ಮೇಡಂ? ವಾಸನಿ ನನ್ನ ನೆಲದ್ದಲ್ಲ, ನಿಮ್ಮ ಬೈರಿಗಿದು!”

“ಮೊದಲ ನನ್ನ ಸ್ಟೋವ್ ಅಂದ್ರಿ, ಈಗ ಬೈರಿಗಿ ಅಂತೀರಿ,” ಎಂದಳು ನಿಂಬೆವ್ವ. “ನಾಳೆ ನಮ್ಮ ದೇವರ ದೀಪದ್ದು ಅಂತೀರೇನ್ರಿ?”

ಮೇಡಂ ನಗಲಿಲ್ಲ. “ಅವರು ಹೇಳೋದು ಖರೇ ಅದ,” ಎಂದು ಭರಣಿಯನ್ನು ಖಾಲಿ ಮಾಡಿಬಿಟ್ಟರು. ನಾನು ಕುದಿದುಹೋದೆ. ನೆಲದೊಳಗೆ ಇದ್ದದ್ದನ್ನೇ ತಂದಿದ್ದೆ; ನನ್ನ ಮೈಮೇಲಿನ ಭಕ್ತಿಯೇ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿತ್ತು. ಫಕ್ಕೀರಪ್ಪ ತಲೆ ತಗ್ಗಿಸಿ ನಿಂತ.

ನಿಂಬೆವ್ವ ಊರ ನಲ್ಲಿಯ ನೀರು ತಂದು ಹಂಡೆಯಲ್ಲಿ ಕಾಯಿಸಿದಳು. ಸೋಪು ಹಚ್ಚಿ ತಿಕ್ಕಿದರು, ತೊಳೆದರು, ಮತ್ತೆ ತಿಕ್ಕಿದರು. ಕುಂಕುಮವೂ ಹೋಯಿತು. ಕೊನೆಗೆ ಪ್ರಯೋಗಾಲಯದ ಶುದ್ಧ ನೀರು ಸುರಿದು, ನನ್ನ ಮೈಯಿಂದ ಇಳಿದ ಆ ನೀರನ್ನೂ ಮೇಡಂ ಒಂದು ಸೀಸೆಗೆ ಹಿಡಿದರು. ಸೋರಿದ ಎಣ್ಣೆ ಹರಿದು ಹೋಗಲಾಗದ, ಬಂಕಿನ ಮೇಲ್ಬದಿಯ ಹೊಲದಲ್ಲಿ ಒಂದು ಕುಳಿ ಕೊರೆದು ಆ ಮಣ್ಣನ್ನೂ ತುಂಬಿದರು. “ಬೈರಿಗಿಯೊಳಗ ಎಣ್ಣಿ ಉಳಿದಿದ್ರ ಇವೆರಡರಾಗೂ ಸಿಗಬೇಕು, ಸಾವುಕಾರ. ನೀವೇ ಸಾಕ್ಷಿ.”

ಆಮೇಲೆ ಬಂಕು. ಸಾವುಕಾರ ತಾನು ಟ್ಯಾಂಕು ಕೀಳಿಸಿ ಹೊಸ ಗರಸು ಮಣ್ಣು ತುಂಬಿಸಿದ್ದ ಗುಂಡಿಯನ್ನೇ ತೋರಿಸಿ, “ಇಲ್ಲೇ ಕೊರೀರಿ, ಮೆತ್ತಗ ಐತಿ,” ಎಂದ. ಬೇರೆಡೆಯಿಂದ ತಂದು ಸುರಿದ ಮಣ್ಣಿಗೆ ಇಲ್ಲಿಯ ಸುದ್ದಿ ಏನು ಗೊತ್ತು? ಮೇಡಂ ಗುಂಡಿಗೂ ಬಾವಿಗೂ ನಡುವಿನ ಗಟ್ಟಿ ನೆಲ ಆರಿಸಿದರು. ಹಳೆಯ ಕಾಂಕ್ರೀಟಿನ ತುಂಡು ಅಡ್ಡ ಬಂತು. ಫಕ್ಕೀರಪ್ಪ ಹಿಡಿಕೆಯ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ತಿರುವಿದ. ಟಣ್ ಎಂದು ನನ್ನ ಒಂದು ಹಲ್ಲು ಮುರಿಯಿತು.

“ನಿಲ್ಲಸ್ಲೇನ್ರಿ?” ಎಂದ ಅವನು. ನಿಲ್ಲಿಸಬೇಡ, ಎಂದೆ ನಾನು. ಯಾರಿಗೂ ಕೇಳಿಸಲಿಲ್ಲ, ಉಳಿದ ಹಲ್ಲು ಮಾತ್ರ ಆ ತುಂಡನ್ನು ಪಕ್ಕಕ್ಕೆ ಸರಿಸಿ ಇಳಿಯುತ್ತಲೇ ಹೋಯಿತು. ಕಪ್ಪು ಎರೆ ಮಣ್ಣಿನ ನಡುವೆ ಬೂದು ಬಣ್ಣದ ಪಟ್ಟೆಯೊಂದು ನನ್ನ ಬಾಯಲ್ಲಿ ಮೇಲೆ ಬಂತು. ಸಾವುಕಾರ ಕರವಸ್ತ್ರ ತೆಗೆದು ಮೂಗಿಗೆ ಹಿಡಿದ.

“ಯಾಕ್ರಿ, ಸ್ಟೋವ್ ಹೊಗಿ ಆತೇನು?” ಎಂದಳು ನಿಂಬೆವ್ವ.

ಪ್ರಯೋಗಾಲಯದ ವರದಿ ಬಂತು: ನನ್ನನ್ನು ತೊಳೆದ ನೀರು ಶುದ್ಧ, ಮೇಲ್ಬದಿಯ ಮಣ್ಣು ಶುದ್ಧ, ಬಂಕಿನ ಮಣ್ಣಿನಲ್ಲಿ ಪೆಟ್ರೋಲು. ಸಾವುಕಾರ ಮಣ್ಣು ತೆಗೆಸಬೇಕಾಯಿತು, ಖಾನಾವಳಿಗೆ ನಲ್ಲಿ ಹಾಕಿಸಬೇಕಾಯಿತು. ಬಾವಿಯ ಬಾಯಿಗೆ ಇನ್ನೂ ಜಾಲರಿ ಇದೆ. ನೆಲ ಅಷ್ಟು ಬೇಗ ಮರೆಯುವುದಿಲ್ಲ. ಆದರೆ ಲಾರಿಗಳು ಮತ್ತೆ ಅಲ್ಲಿ ನಿಲ್ಲುತ್ತವೆ.

ಈಗ ನಾನು ಪ್ರಯೋಗಾಲಯದ ಬಾಗಿಲ ಹಿಂದೆ ನಿಂತಿದ್ದೇನೆ. ಗುಜರಿಗೆ ಹಾಕೋಣವೆಂದು ಹೊಸಬರು ಆಗಾಗ ಹೇಳುತ್ತಾರೆ. ಖಂಡೇಪೂಜೆಗೆ ಫಕ್ಕೀರಪ್ಪ ನನಗೆ ಸೋಪಿನ ಸ್ನಾನ ಮಾಡಿಸಿ, ನಿಂಬೆವ್ವ ಕಳಿಸಿದ ಹೋಳಿಗೆ ಎಡೆ ಇಡುತ್ತಾನೆ. ಎಣ್ಣೆ ಹಚ್ಚುವುದಿಲ್ಲ. ಹಾಗಾಗಿ ನನಗೆ ತುಕ್ಕು ಹಿಡಿದಿದೆ. ಹಿಡಿಯಲಿ. ಹೊಳೆಯುತ್ತಿದ್ದ ದಿನ ನನ್ನ ಮಾತನ್ನು ಯಾರೂ ನಂಬಲಿಲ್ಲ.

ಒಂದು ಹಲ್ಲು ಹೋಗಿದೆ, ನಿಜ. ನೆಲ ಕಚ್ಚುವುದಕ್ಕೆ ಇನ್ನೊಂದು ಇದೆ.