ಮಗುಚಿಟ್ಟ ಒಲೆಗಲ್ಲು

ಆ ಐದು ಜನರನ್ನು ನಾನು ಕಂಡದ್ದು ನಿಜ. ಕೇಳಿದ್ದು ಮಾತ್ರ ಸುಳ್ಳು.

ಇಷ್ಟನ್ನು ದಿನಚರಿಯಲ್ಲಿ ಬರೆಯಲಿಕ್ಕೂ ನನಗೆ ನಾಲ್ಕು ತಿಂಗಳು ಬೇಕಾದವು. ಫೆಬ್ರುವರಿಯಲ್ಲಿ ಮಮದಾಪುರದ ಮಡ್ಡಿಯ ಸರ್ವೆಗೆ ಹೋಗಿದ್ದೆ. ಮಡ್ಡಿಯೆಂದರೆ ಊರಾಚೆಯ ಕಲ್ಲುನೆಲದ ಏರು. ಸುತ್ತ ಕಬ್ಬು, ಜೋಳದ ಎರೆಹೊಲ, ನಡುವೆ ಇದೊಂದು ಬೋಳು ಬೆನ್ನು. ಫಾರ್ಮಿನಲ್ಲಿ ‘ಜಾಗದ ಈಗಿನ ಬಳಕೆ: ಸ್ಥಳೀಯರನ್ನು ವಿಚಾರಿಸಿ ಬರೆಯಿರಿ’ ಎಂದಿತ್ತು. ಮಡ್ಡಿಯ ಕೆಳಗೆ ಬೇವಿನ ಮರದಡಿ ಐದು ಜನ ಗಂಡಸರು ಕೂತಿದ್ದರು. ನಾನು ಅವರತ್ತ ಹೊರಟೆ. ಐದೂ ಜನ ಒಮ್ಮೆಲೇ ತಲೆ ಎತ್ತಿ ನೋಡಿದರು. ಅಪರಿಚಿತರ ಮುಂದೆ ಬಾಯಿ ತೆರೆಯುವುದೆಂದರೆ ನನಗೆ ಮೊದಲಿನಿಂದಲೂ ಅಂಜಿಕೆ. ಬಾರದ ಫೋನನ್ನು ಕಿವಿಗಿಟ್ಟುಕೊಂಡು, ‘ಹೂಂ, ಹೂಂ’ ಎನ್ನುತ್ತ ಅವರನ್ನು ದಾಟಿ ಹೋದೆ. ಸ್ವಲ್ಪ ಹೊತ್ತಿಗೆ ಹಾಗೆಯೇ ವಾಪಸು ಬಂದೆ. ಆಮೇಲೆ ಬಸ್ಸಿಗೆ ಕಾಯುತ್ತ ಬರೆದೆ: ‘ಬಳಕೆಯಲ್ಲಿಲ್ಲ. ಖಾಲಿ. ವಿಚಾರಿಸಿದವರು: ಐದು ಜನ.’

ಮಡ್ಡಿಯ ಮೇಲೆ ಏನೂ ಕಾಣಲಿಲ್ಲ ಎಂದಲ್ಲ. ಒಂದು ಕಡೆ ಮೂರು ಕಲ್ಲು, ಇನ್ನೊಂದು ಕಡೆ ಮೂರು ಕಲ್ಲು, ಹೀಗೆ ನಾಲ್ಕೈದು ಕಡೆ ಇದ್ದವು. ಬಗ್ಗಿ ನೋಡಿದ್ದೆ. ಮಸಿ ಇರಲಿಲ್ಲ, ಸುತ್ತ ಬೂದಿಯೂ ಇರಲಿಲ್ಲ. ‘ಒಲೆಯ ಗುರುತಿಲ್ಲ’ ಎಂದು ಅದನ್ನೂ ಬರೆದೆ. ಬರೆಯುವುದರಲ್ಲಿ ನಾನು ಬಹಳ ಅಚ್ಚುಕಟ್ಟು.

ನನ್ನ ಕೆಲಸ ಒಣ ಬಂದರಿನದು. ಹೀಗೆಂದರೆ ಕೊಣ್ಣೂರಿನಲ್ಲಿ ನಮ್ಮವ್ವ ಗೌರಕ್ಕ ಇವತ್ತಿಗೂ ನಗುತ್ತಾಳೆ. ಸಮುದ್ರದ ದಂಡೆಯಲ್ಲಿ ಆಗುವ ತಪಾಸಣೆ, ಕಾಗದಪತ್ರ, ಸೀಲು ಎಲ್ಲ ಇಲ್ಲಿಯೇ ಮುಗಿದು, ನಮ್ಮ ಬೆಲ್ಲ, ಸಕ್ಕರೆ, ಅರಿಸಿನ ತುಂಬಿದ ದೊಡ್ಡ ಕಬ್ಬಿಣದ ಡಬ್ಬಿಗಳು ರೈಲು ಹತ್ತಿ ನೇರ ಹಡಗಿಗೆ ಹೋಗುತ್ತವೆ. ಅದರ ಸುತ್ತ ಒಂದು ಹೊಸ ಪಟ್ಟಣವೂ ಬರಬೇಕು. ಆ ಪಟ್ಟಣದ ನಕಾಶೆ ಮಾಡುವ ಆಫೀಸಿನಲ್ಲಿ ನಾನು, ಭೂಗೋಳ ಓದಿದ ಅರ್ಚನಾ, ಸರ್ವೆ ಮಾಡುವವಳು.

ನಕಾಶೆ ವಿಶಾಲ ಸರ್ ಅವರದು. ಹುಕ್ಕೇರಿಯವರು. ದೊಡ್ಡ ಊರುಗಳಲ್ಲಿ ಕೆಲಸ ಮಾಡಿ ಮರಳಿ ಬಂದವರು. “ಎಲ್ಲಾ ಕಡೆ ಒಂದ ನಮೂನಿ ಬಂದರ ಕಟ್ತಾರ ಅರ್ಚನಾ, ಎಲ್ಲಿ ನಿಂತೇವಿ ಅನ್ನೂದ ತಿಳಿಯೂದಿಲ್ಲ. ನಾವು ಈ ನೆಲಾ ಹೇಳಿದಂಗ ಕಟ್ಟೂಣು” ಎಂದು ಮೊದಲ ದಿನವೇ ಹೇಳಿದ್ದರು. ಹಾಗೆಯೇ ಮಾಡಿದರು ಕೂಡ. ಎರೆಹೊಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ; ಅದನ್ನು ಕಬ್ಬಿಗೂ ಜೋಳಕ್ಕೂ ಬಿಟ್ಟರು. ಎರಡು ಸಾವಿರದ ಹತ್ತೊಂಬತ್ತರ ನೆರೆಯಲ್ಲಿ ನೀರು ಎಲ್ಲಿಯ ತನಕ ಏರಿತ್ತೆಂದು ಮನೆಮನೆಯ ಗೋಡೆಯ ಗೆರೆ ನೋಡಿ, ಹಳ್ಳದ ಎರಡೂ ಬದಿ ಅಷ್ಟು ಜಾಗ ಖಾಲಿ ಇಟ್ಟರು. ಸಂತೆಯ ಬಯಲಿಗೆ ಕೈ ಹಚ್ಚಲಿಲ್ಲ. ಕುಲಗೋಡದ ಕಡೆಯಿಂದ ಬರುವ ಚಕ್ಕಡಿ ದಾರಿಯನ್ನೇ ಪಟ್ಟಣದ ದೊಡ್ಡ ಬೀದಿಯಾಗಿ ಎಳೆದರು. ಭಾರದ ಡಬ್ಬಿಗಳನ್ನು ಒಟ್ಟುವ ಅಂಗಳಕ್ಕೆ ಗಟ್ಟಿ ನೆಲ ಬೇಕಿತ್ತು. ಖಾಲಿ ಇದ್ದ ಗಟ್ಟಿ ನೆಲವೆಂದರೆ ಮಮದಾಪುರದ ಮಡ್ಡಿ.

ಖಾಲಿ ಇದೆ ಎಂದವಳು ನಾನು.

ಜೂನಿನಲ್ಲಿ ಮೊದಲ ಮಳೆ ಬಿದ್ದ ಮೂರನೆಯ ದಿನ, ಗಡಿಗಲ್ಲುಗಳ ನಂಬರು ತಾಳೆ ನೋಡಲು ಮತ್ತೆ ಅಲ್ಲಿಗೆ ಹೋದೆ. ಮಡ್ಡಿ ತುಂಬ ಕುರಿಗಳಿದ್ದವು. ಏರು ಹತ್ತುವಾಗಲೇ ಉಣ್ಣೆಯ ಹಸಿ ವಾಸನೆ ಬಂತು. ಬಾಯಿತುಂಬ ಎಲೆ ಹಾಕಿಕೊಂಡ ಗಂಡಸೊಬ್ಬ ನನ್ನ ಕೊರಳಿನ ಗುರುತಿನ ಚೀಟಿ ನೋಡಿ ಕೂಗಿದ:

“ವೈನಿ, ಬಂದರದಾಕಿ ಬಂದ್ಳು ನೋಡ! ಯಾಕ ತಂಗಿ, ಹಡಗ ಎಲ್ಲಿ ಬಿಟ್ಟ ಬಂದಿ?”

“ಸುಮ್ಕಿರೋ ಮಾಲಿಂಗ, ಹೆಣ್ಣಹುಡುಗಿ ಅಂಜತೈತಿ” ಎಂದಳು ನೆಲಕ್ಕೆ ಕೂತಿದ್ದ ಹೆಂಗಸು. ಅವಳ ಹೆಸರು ಫಕೀರವ್ವ, ಮಾಲಿಂಗನ ಅತ್ತಿಗೆ. ಹಿಂಡು ಇಬ್ಬರ ಮನೆಯದು. “ಬಾ ಯವ್ವಾ, ಕುಂದರ. ಒಲಿ ಹೂಡಿ ಚಾ ಕಾಸ್ತೇನಿ.”

ಅವಳು ಒಂದು ಕಲ್ಲನ್ನು ಎರಡೂ ಕೈಯಿಂದ ಎತ್ತಿ ಮಗುಚಿದಳು. ಕೆಳಗಿದ್ದ ಮೈ ಕಪ್ಪಗಿತ್ತು. ಬರೀ ಕಪ್ಪಲ್ಲ, ವರ್ಷವರ್ಷದ ಮಸಿ ಪದರಗಟ್ಟಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಎರಡನೆಯ ಕಲ್ಲು ಮಗುಚಿದಳು. ಮೂರನೆಯದು ಮಗುಚಿದಳು.

“ಯಾಕ್ರಿ ಹಿಂಗ?” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು.

“ದೀವಳಿಗಿ ಮುಗದಿಂದ ಹುಕ್ಕೇರಿ ಕಡೆ ಹೋಗ್ತೇವಲ್ಲ, ಕಬ್ಬ ಕಡದ ಹೊಲದಾಗ ರಾತ್ರಿ ಕುರಿ ತರಬಿ ಗೊಬ್ಬರ ಕೊಡಾಕ. ಹೋಗೂ ಮುಂದ ಬೂದಿ ಬಳದ ಹೊಲಕ್ಕ ಹಾಕಿ, ಕಲ್ಲ ಬೋರಲ ಇಟ್ಟ ಹೋಗ್ತೇವಿ. ಮಸಿ ಮ್ಯಾಲ ಬಿಟ್ರ ಗಾಳಿ ಮಳಿಗೆ ತೊಳದ ಹೋಗ್ತೈತಿ. ನಮ್ಮತ್ತಿ ಉರಿ ಹಚ್ಚಿದ ಒಲಿ ಇದು. ಆಕಿ ಮಸಿ ಹೋಗಬಾರದಲ್ಲ?”

“ಮತ್ತ ಹೊಲಸ ಬಿಟ್ಟ ಹೋದ್ರ ಮುಂದಿನ ವರ್ಸ ಯಾವ ಮಾರಿ ಹೊತ್ತ ಬರೂದು?” ಎಂದ ಮಾಲಿಂಗ. ಒಂದು ಕುರಿಯನ್ನು ಎಳೆದು ತಂದು ಕೂರಿಸಿ, ಅದರ ಮುಂಗಾಲಿನ ಗೊರಸು ಅಗಲಿಸಿ ತೋರಿಸಿದ. ನಡುವೆ ಕೆಂಪಗೆ ಹುಣ್ಣಾಗಿತ್ತು. “ಮನ್ನಿ ಒಂದಿನಾ ಎರಿಯಾಗ ಮಳ್ಯಾಗ ನಿಂತಿತ್ತು, ಒಂದ ದಿನಾ. ಮಳಿಗಾಲ ನಾಕ ತಿಂಗಳ ಈ ಕಲ್ಲನೆಲಾ ಇಲ್ಲಂದ್ರ ಹಿಂಡ ಕಾಲ ಕೊಳತ ಸಾಯ್ತೈತಿ. ಮಾರೂದ ಒಂದ ಹಾದಿ. ಯಾವನೋ ಬರದ ಹೋಗ್ಯಾನಂತ, ಇಲ್ಲಿ ಯಾರೂ ಬರೂದಿಲ್ಲಾ ಅಂತ. ಅವಗ ಕಣ್ಣ ಇರಲಿಲ್ಲೇನ?”

ನಾನು ಕುರಿಯ ಕಾಲನ್ನೇ ನೋಡುತ್ತಿದ್ದೆ.

“ಬಂದರ ಬ್ಯಾಡ ಅನ್ನವಲ್ವಿ ನಾವು” ಎಂದು ಅವನೇ ಮುಂದುವರಿಸಿದ. “ಹಳ್ಳದ ಆಚಿ ಹಳೀ ಕಲ್ಲಿನ ಖಣಿ ಐತಲ್ಲ, ಅಲ್ಲಿ ಹುಲ್ಲೂ ಹುಟ್ಟೂದಿಲ್ಲ. ಗಟ್ಟಿನೂ ಐತಿ. ಅಲ್ಲಿ ಒಟ್ಟ್ರಿ ನಿಮ್ಮ ಡಬ್ಬಿ.”

ಫಕೀರವ್ವ ಚಹಾ ಕೊಟ್ಟಳು. ಕುರಿಯ ಹಾಲಿನದು, ದಪ್ಪಗೆ, ಸಿಹಿಯಾಗಿತ್ತು. ಯಾವೂರೆಂದು ಕೇಳಿದಳು, ಹೇಳಿದೆ. “ಕೊಣ್ಣೂರಾಕಿ ಅಂದ್ರ ನಮ್ಮ ಹುಡುಗಿ ಆದಿ. ನಿಮ್ಮ ಸಾಹೇಬ್ರಿಗೆ ಒಂದ ಮಾತ ಹೇಳ ಯವ್ವಾ” ಎಂದಳು. ತಲೆಯಾಡಿಸಿದೆ. ಬರೆದವಳು ನಾನೆಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಚಹಾ ಕುಡಿದು ಲೋಟ ತೊಳೆದಿಟ್ಟು ಬಂದೆ.

ಬಸ್ಸಿನಲ್ಲಿ ಕೂತು ಸರ್‌ಗೆ ಮೆಸೇಜ್ ಬರೆದೆ, ಅಳಿಸಿದೆ, ಬರೆದೆ. ಕೊನೆಗೆ ಕಳಿಸಿದ್ದು ಇದು: ‘ಮಡ್ಡಿಯ ಜಾಗವನ್ನು ಇನ್ನೊಮ್ಮೆ ಪರಿಶೀಲಿಸುವುದು ಸೂಕ್ತವಾಗಬಹುದು.’ ಅದರಲ್ಲಿ ನಾನು ಎಲ್ಲಿಯೂ ಇರಲಿಲ್ಲ. ಐದೇ ನಿಮಿಷಕ್ಕೆ ಉತ್ತರ ಬಂತು: ‘ನಿಮ್ಮ ಸರ್ವೆ ಪಕ್ಕಾ ಐತಿ. ಐದ ಜನರನ್ನ ಕೇಳೀರಿ. ಚಿಂತಿ ಬ್ಯಾಡ.’

“ಯಾಕ ಉಣವಲ್ಲಿ?” ಎಂದು ರಾತ್ರಿ ಅವ್ವ ಕೇಳಿದಳು. ಹಸಿವಿಲ್ಲ ಎಂದೆ. ಅದೂ ಸುಳ್ಳೇ.

ಗುರುವಾರ ಬೆಳಿಗ್ಗೆ ಮಮದಾಪುರದ ಶಾಲೆಯ ಕೋಣೆಯಲ್ಲಿ ಸಭೆ. ಜನರ ಮಾತು ಕೇಳಿ, ಅವತ್ತೇ ನಕಾಶೆ ಮಂಜೂರಾತಿಗೆ ಮೇಲಕ್ಕೆ ಹೋಗಬೇಕಿತ್ತು. ಗೋಡೆಗೆ ನಕಾಶೆ ತೂಗುಹಾಕಿದ್ದೆವು. ವಿಶಾಲ ಸರ್ ಹಳ್ಳ, ಸಂತೆ, ಚಕ್ಕಡಿ ದಾರಿ ಒಂದೊಂದನ್ನೇ ತೋರಿಸಿ ಹೇಳಿದರು. ತಮ್ಮ ಊರಿನ ದಾರಿ ಗೋಡೆಯ ಮೇಲೆ ಕಂಡಾಗ ಜನರ ಮುಖ ಅರಳಿದ್ದನ್ನು ನೋಡಿದೆ. ಪಂಚಾಯಿತಿ ಮೆಂಬರ ಸಿದ್ರಾಯ, “ಎಲ್ಲಾ ಖರೆ ಸಾಹೇಬ್ರ, ಮೀನ ಯಾವಾಗಿಂದ ಬರ್ತಾವು?” ಎಂದ. ಕೋಣೆ ನಕ್ಕಿತು. ಸರ್ ಕೂಡ ನಕ್ಕರು.

ಮಾಲಿಂಗ ನಗಲಿಲ್ಲ. ಎದ್ದು ನಿಂತು ಕುರಿಯ ಕಾಲಿನ ಮಾತು ಹೇಳಿದ, ಖಣಿಯ ಮಾತು ಹೇಳಿದ. ಅವನ ಹಿಂದೆ ಹೆಂಗಸರ ಸಾಲಿನಲ್ಲಿ ಫಕೀರವ್ವ ಕೂತಿದ್ದಳು.

ಸರ್ ಮುಖದಲ್ಲಿ ಗೊಂದಲ ಕಂಡಿತು. ಅವರು ಫೈಲು ತೆಗೆದರು. ಸಿಟ್ಟಿನಿಂದಲ್ಲ, ನಂಬಿಕೆಯಿಂದ ತೆಗೆದರು. ಅದನ್ನು ನೋಡುವುದೇ ನನಗೆ ಕಷ್ಟವಾಯಿತು. “ನಾವು ಕೇಳದ ಏನೂ ಮಾಡಿಲ್ರಿ” ಎಂದು ಓದಿದರು: “ಬಳಕೆಯಲ್ಲಿಲ್ಲ. ಖಾಲಿ. ಒಲೆಯ ಗುರುತಿಲ್ಲ. ವಿಚಾರಿಸಿದವರು, ಐದು ಜನ.”

“ಯಾವ ಐದ ಮಂದಿ?” ಎಂದ ಮಾಲಿಂಗ. “ನಮ್ಮೂರಾವರ? ಹೆಸರ ಹೇಳ್ರಿ. ನಮ್ಮನ್ನ ಇಲ್ಲಾ ಅಂದಾವ್ರ ಯಾರು?”

ಕೋಣೆಯಲ್ಲಿ ಜನ ಒಬ್ಬರನ್ನೊಬ್ಬರು ನೋಡತೊಡಗಿದರು. “ನೀ ಹೇಳಿದ್ಯೇನೋ?” “ನಾ ಯಾಕ ಹೇಳ್ಲಿ? ನೀನ ದಿನಾ ಬೇವಿನ ಗಿಡದ ಕೆಳಗ ಕುಂದರಾಂವ!” ದನಿಗಳು ಏರಿದವು. ಒಬ್ಬ ಮುದುಕ ಎದ್ದು, ದೇವರಾಣೆ ನಾ ಅಲ್ಲ ಎಂದು ಕೈ ಮುಗಿದ. ಅವನನ್ನು ಗುರುತು ಹಿಡಿದೆ. ಫೆಬ್ರುವರಿಯಲ್ಲಿ ತಲೆ ಎತ್ತಿ ನೋಡಿದ ಐವರಲ್ಲಿ ಅವನೂ ಒಬ್ಬ.

ಮೇಲಿನಿಂದ ಬಂದಿದ್ದ ಅಧಿಕಾರಿ ಗಡಿಯಾರ ನೋಡಿಕೊಂಡು, “ತಕರಾರು ಬರಕೊಂಡೇವಿ. ಮುಂದಿನ ವಿಷಯ ತಗೋರಿ” ಎಂದರು. ಅವರ ಸಹಾಯಕ ನಕಾಶೆಯನ್ನು ಸುತ್ತಲು ಎದ್ದ. ಇನ್ನೆರಡು ನಿಮಿಷ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ನನಗೆ ಹುಟ್ಟಿನಿಂದ ಬಂದದ್ದು.

ಫಕೀರವ್ವ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಂಶಯವಿರಲಿಲ್ಲ. ನಮ್ಮ ಹುಡುಗಿ ಈಗ ಒಂದು ಮಾತು ಹೇಳುತ್ತಾಳೆ ಎಂದು ಕಾಯುತ್ತಿದ್ದಳು, ಅಷ್ಟೇ. ಅವಳ ಬಲಗೈಯ ಬೆರಳಿಗೆ ಇನ್ನೂ ಮಸಿ ಇತ್ತು.

ಎದ್ದು ನಿಂತೆ. ಕುರ್ಚಿ ಕಿರ್ರೆಂದಿತು. ಎಲ್ಲರೂ ಒಮ್ಮೆಲೇ ತಲೆ ಎತ್ತಿ ನೋಡಿದರು. ಈ ಸಲ ಬಾಯಿ ತೆರೆದೆ.

“ಆ ಐದ ಮಂದ್ಯಾಗ ಒಬ್ಬರನ್ನೂ ಕೇಳಿಲ್ರಿ. ಬರದಾಕಿ ನಾನು.”