ಭರವಸೆಗಳ ಸಮಿತಿ ಬಸ್ಸಿಗೆ ಕಾದದ್ದು

ಶಾಸಕ ಶ್ಯಾಮಣ್ಣನವರು ವಿಧಾನಸಭೆಯಲ್ಲಿ ಕೂರುತ್ತಿದ್ದುದು ಕೊನೆಯ ಸಾಲಿನಲ್ಲಿ, ಒಂದು ಕಂಬದ ಮಗ್ಗುಲಿಗೆ. ಟೀವಿಯಲ್ಲಿ ಕಲಾಪ ಬರುವಾಗ ಅವರ ಎಡ ಭುಜ ಮಾತ್ರ ಕಾಣುತ್ತಿತ್ತು. ಬೊಮ್ಮಸಂದ್ರದ ಹತ್ತಿರದ ಊರಿನಲ್ಲಿ ಅವರ ಹೆಂಡತಿ ಬೈರಮ್ಮ ಆ ಭುಜವನ್ನು ಬಾಡಿಗೆ ಮನೆಗಳ ಹೆಂಗಸರಿಗೆ ತೋರಿಸಿ, "ಅಗೋ, ಬಿಳೀ ಅಂಗಿ, ಅದೇ ನಮ್ಮೋರು" ಎನ್ನುತ್ತಿದ್ದರು. ಸದನದಲ್ಲಿ ಮುಕ್ಕಾಲು ಪಾಲು ಬಿಳಿ ಅಂಗಿಯೇ ಆದ್ದರಿಂದ ಯಾರಿಗೂ ಗುರುತು ಸಿಗುತ್ತಿರಲಿಲ್ಲ.

ಶ್ಯಾಮಣ್ಣನವರಿಗೆ ಟಿಕೆಟ್ ಸಿಕ್ಕಿದ್ದು ಅವರು ಕೇಳಿದ್ದರಿಂದಲ್ಲ. ಅದಕ್ಕಾಗಿ ಇಬ್ಬರು ದೊಡ್ಡ ಕುಳಗಳು ಹೊಡೆದಾಡಿಕೊಂಡಾಗ ಪಕ್ಷದವರು ರೋಸಿಹೋಗಿ, ಯಾರೊಂದಿಗೂ ಜಗಳವಿಲ್ಲದ ಒಬ್ಬ ಮನುಷ್ಯನನ್ನು ಹುಡುಕಿದ್ದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆ ಕಟ್ಟಿಸಿಕೊಂಡು, ಯಾರ ಮನೆಯ ಮದುವೆಯನ್ನೂ ಯಾರ ಮನೆಯ ಮಣ್ಣನ್ನೂ ತಪ್ಪಿಸದೆ ಹೋಗಿಬರುತ್ತಿದ್ದ ಶ್ಯಾಮಣ್ಣ ಸಿಕ್ಕಿದರು, ಗೆದ್ದೂಬಿಟ್ಟರು. ಮುಖ್ಯ ಸಚೇತಕರು ಹಿಂದಕ್ಕೆ ತಿರುಗಿ ನೋಡಿದಾಗ ಮೇಜು ತಟ್ಟುವುದು, ಮಸೂದೆಯನ್ನು ಮತಕ್ಕೆ ಹಾಕಿದಾಗ "ಹೌದು" ಎನ್ನುವುದು, ಇಷ್ಟೇ ಸದನದಲ್ಲಿ ಅವರ ಕೆಲಸ. ಒಮ್ಮೆ ವಿರೋಧ ಪಕ್ಷದವರೊಬ್ಬರು ಕೆರೆಗಳ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರೆಂದು ಮೈಮರೆತು ಮೇಜು ತಟ್ಟಿ ಬೈಸಿಕೊಂಡಿದ್ದರು.

ಅವರ ಮನೆಗಳಲ್ಲೊಂದರಲ್ಲಿ ಹನುಮವ್ವ ಬಾಡಿಗೆಗಿದ್ದಳು. ಯಾದಗಿರಿ ಕಡೆಯವಳು, ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುವ ಕೆಲಸ. ಮಧ್ಯಾಹ್ನ ಪಾಳಿ ಬಿಟ್ಟಾಗ ಅಷ್ಟೂ ಹೆಂಗಸರು ಹೆದ್ದಾರಿಯ ಅಂಚಿನಲ್ಲಿ ಸೆರಗು ತಲೆಗೆ ಹೊದ್ದು ನಿಲ್ಲಬೇಕಿತ್ತು. ನೆರಳಿಲ್ಲ. ಬಸ್ಸು ನಿಲ್ಲುವುದು ಡ್ರೈವರನ ಮರ್ಜಿ.

"ನೀವು ಅಲ್ಲಿ ಓಗಿ ನೆಳ್ಳಾಗೆ ಕುಂತ್ಕತೀರ," ಎಂದರು ಬೈರಮ್ಮ, ಮುದ್ದೆ ಬಡಿಸುತ್ತಾ. "ಈ ಎಣ್ಮಕ್ಳು ರೋಡ್ನಾಗೆ ಒಣಗ್ತಾವೆ. ಒಂದ್ ಮಾತು ಕೇಳಾಕೆ ಆಗಾಕಿಲ್ವಾ?"

"ಕೇಳ್ತೀನಿ ಬೈರಮ್ಮ. ಅದುಕ್ಕೆ ಒಂದು ಕ್ರಮ ಐತೆ."

"ಕೇಳಾಕೆ ಬಾಯಿ ಇದ್ರೆ ಸಾಕಲ್ವಾ?"

ಶ್ಯಾಮಣ್ಣ ತಮ್ಮ ಆಪ್ತ ಸಹಾಯಕ ಶಶಿಕುಮಾರನಿಂದ ಒಂದು ಪ್ರಶ್ನೆ ಬರೆಸಿ ಕಳಿಸಿದರು. ಅದೃಷ್ಟಕ್ಕೆ ಅದು ಪ್ರಶ್ನೋತ್ತರದ ಹೊತ್ತಿನಲ್ಲಿ ಸಚಿವರು ನಿಂತು ಉತ್ತರಿಸಬೇಕಾದ ಪ್ರಶ್ನೆಗಳ ಸಾಲಿಗೇ ಬಂತು. ಆ ದಿನ ಶ್ಯಾಮಣ್ಣ ಎದ್ದು ನಿಂತಾಗ ಅಕ್ಕಪಕ್ಕದವರು ಅವರು ಹೊರಗೆ ಹೋಗಲು ಎದ್ದರೆಂದು ಕಾಲು ಮಡಚಿ ದಾರಿ ಬಿಟ್ಟರು. ಅವರು ಹೋಗದೆ ಪ್ರಶ್ನೆ ಕೇಳಿದರು.

ಸಾರಿಗೆ ಸಚಿವರು ಕಾಗದ ನೋಡಿ ಓದಿದರು: "ಸದರಿ ಸ್ಥಳದಲ್ಲಿ ಬಸ್ ತಂಗುದಾಣವನ್ನು ಈಗಾಗಲೇ ನಿರ್ಮಿಸಲಾಗಿದೆ. ಪಾಳಿ ಬಿಡುವ ಸಮಯಕ್ಕೆ ಅಲ್ಲಿಂದ ಬಸ್ ಓಡಿಸಲಾಗುವುದೆಂದು ಈ ಸದನಕ್ಕೆ ಭರವಸೆ ನೀಡುತ್ತೇನೆ."

ನಿರ್ಮಿಸಲಾಗಿದೆ! ಶ್ಯಾಮಣ್ಣನ ಬಾಯಿ ತೆರೆದೇ ಇತ್ತು. ದಿನಾ ಓಡಾಡುವ ರಸ್ತೆ. ತಂಗುದಾಣವಿರಲಿ, ಅದರ ಒಂದು ಕಂಬವನ್ನೂ ಅವರು ಕಂಡಿರಲಿಲ್ಲ. ಆದರೆ ಮುಖ್ಯ ಸಚೇತಕರು ತಿರುಗಿ ನೋಡುತ್ತಿದ್ದರು.

"ಉಪಪ್ರಶ್ನೆ ಇದೆಯಾ?" ಎಂದರು ಸಭಾಧ್ಯಕ್ಷರು.

"ಇಲ್ಲ ಸಾರ್. ಧನ್ಯವಾದಗಳು ಸಾರ್," ಎಂದು ಕೂತುಬಿಟ್ಟರು.

ಮನೆಗೆ ಬಂದಾಗ, ಟೀವಿಯಲ್ಲಿ ಎಲ್ಲ ಕೇಳಿದ್ದ ಹೆಂಗಸರು ಜಗಲಿಯಲ್ಲೇ ಇದ್ದರು. ನಕ್ಕಿದ್ದರೆ ವಾಸಿಯಿತ್ತು. ಹನುಮವ್ವ ಬಹಳ ಮರ್ಯಾದೆಯಿಂದ ಕೇಳಿದಳು: "ಸಾವ್ಕಾರ್ರ, ಕಟ್ಯಾರಂತಲ್ರೀ. ಎಲ್ಲೈತಂತ ಹೇಳ್ರಿ, ನಾಳಿಂದ ಅಲ್ಲೇ ನಿಂದರತೀವಿ."

ಶ್ಯಾಮಣ್ಣ ಅಂದು ಊಟ ಬೇಡವೆಂದರು. ಬೈರಮ್ಮ ಎರಡನೇ ಸಲ ಕರೆಯಲಿಲ್ಲ.

ಭಾನುವಾರ ಅವರೂ ಶಶಿಕುಮಾರನೂ ಸ್ಕೂಟರಿನಲ್ಲಿ ತಂಗುದಾಣ ಹುಡುಕಲು ಹೊರಟರು. ಕಾರ್ಖಾನೆಗಳ ಗೇಟುಗಳ ಮುಂದೆಲ್ಲ ಸುತ್ತಿದರು. ಕೊನೆಗೆ ಹೆದ್ದಾರಿ ಅಗಲ ಮಾಡಿದಾಗ ತುಂಡಾಗಿ ಉಳಿದಿದ್ದ ಹಳೇ ರಸ್ತೆಯ ಒಂದು ಚೂರಿನಲ್ಲಿ, ದೊಡ್ಡ ಮೋರಿಯ ಪಕ್ಕ, ಅದು ಸಿಕ್ಕಿತು. ಹೊಳೆಯುವ ಉಕ್ಕಿನ ಕಂಬ, ನೀಲಿ ಚಾವಣಿ, ಮೇಲೆ ಸಚಿವರ ದೊಡ್ಡ ಭಾವಚಿತ್ರ. ಒಳಗೆ ಕನ್ನಡಿ ತೂಗುತ್ತಿತ್ತು. ಕನ್ನಡಿಯ ಮುಂದೆ ಕುರ್ಚಿ, ಕುರ್ಚಿಯಲ್ಲಿ ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡ ಒಬ್ಬ ಸೆಕ್ಯೂರಿಟಿ ಗಾರ್ಡ್.

"ಬನ್ನಿ ಸಾರ್, ಕಟಿಂಗಾ ಶೇವಿಂಗಾ?" ಎಂದ ಕ್ಷೌರಿಕ ಕಾಡಪ್ಪ.

"ಇದು ಬಸ್ ಸ್ಟಾಪು ಅಲ್ವೇನಪ್ಪ?"

"ಹೂಂ ಸಾರ್. ಆದ್ರೆ ಬಸ್ ಬರಲ್ಲ. ನಂಗೇನೂ ತೊಂದ್ರೆ ಇಲ್ಲ," ಎಂದ ಕಾಡಪ್ಪ ಸಮಾಧಾನವಾಗಿ.

ಶ್ಯಾಮಣ್ಣ ಗಡ್ಡ ಮಾಡಿಸಿಕೊಂಡು ವಾಪಸ್ ಬಂದರು. ಮುಖ್ಯ ಸಚೇತಕರಿಗೆ ವಿಷಯ ತಿಳಿಸಿದಾಗ ಅವರು, "ತಂಗುದಾಣ ಇದೆ ತಾನೇ? ಮಂತ್ರಿಗಳು ಸುಳ್ಳು ಹೇಳಿಲ್ಲ ತಾನೇ? ಬಿಡಿ ಮತ್ತೆ" ಎಂದರು. ಶ್ಯಾಮಣ್ಣ ಬಿಟ್ಟರು.

ಬಿಟ್ಟ ವಿಷಯ ಮತ್ತೆ ಕೈಗೆ ಬಂದದ್ದು ಅವರನ್ನು ಭರವಸೆಗಳ ಸಮಿತಿಗೆ ಹಾಕಿದಾಗ. ಸಚಿವರು ಸದನದಲ್ಲಿ ಕೊಟ್ಟ ಮಾತು ಉಳಿಸಿಕೊಂಡರೋ ಇಲ್ಲವೋ ಎಂದು ನೋಡುವ ಸಮಿತಿ ಅದು. ವಿದೇಶ ಪ್ರವಾಸವಿಲ್ಲ, ಪೇಪರಿನಲ್ಲಿ ಹೆಸರಿಲ್ಲ. ಹಾಗಾಗಿ ಯಾರೂ ಬಯಸದ ಜಾಗ, ಬೇಡವೆನ್ನಲು ಬಾರದ ಶ್ಯಾಮಣ್ಣನ ಪಾಲಿಗೆ ಬಂತು. ಅಧ್ಯಕ್ಷರು ವಿರೋಧ ಪಕ್ಷದ ಚನಬಸಪ್ಪನವರು, ಬಿಜಾಪುರದ ಕಡೆಯ ಹಿರಿಯರು. ಮೊದಲ ಸಭೆಯಲ್ಲಿ ಅವರು, "ನಿಮ್ಮ ಕಡೀದು ಏನರ ಬಾಕಿ ಐತೇನ್ರಿ ಶ್ಯಾಮಣ್ಣಾರ?" ಎಂದು ಸಹಜವಾಗಿ ಕೇಳಿದರು. ಸಭೆಯಲ್ಲಿ ಸಚೇತಕರು ಇರಲಿಲ್ಲ. ಶ್ಯಾಮಣ್ಣ ಹಿಂದೆ ಮುಂದೆ ನೋಡಿ, ಬಸ್ಸಿನ ಕಥೆಯನ್ನು ಹೇಳಿಬಿಟ್ಟರು.

"ಹೋಗಿ ನೋಡೂಣು," ಎಂದರು ಚನಬಸಪ್ಪನವರು.

ಸಮಿತಿ ಸ್ಥಳ ಪರಿಶೀಲನೆಗೆ ಬರುತ್ತದೆಂಬ ಸುದ್ದಿ ಹೋದದ್ದೇ ತಡ, ಇಲಾಖೆಯಲ್ಲಿ ಗಡಿಬಿಡಿ ಶುರುವಾಯಿತು. ಅಧಿಕಾರಿ ಲೋಕೇಶ್ ಖುದ್ದಾಗಿ ನಿಂತು ಹಳೇ ರಸ್ತೆಗೆ ಸುಣ್ಣದ ಗೆರೆ ಎಳೆಸಿದರು, ಮೋರಿಯ ವಾಸನೆಗೆ ಬ್ಲೀಚಿಂಗ್ ಪೌಡರ್ ಸುರಿಸಿದರು, ಕಾಡಪ್ಪನ ಕುರ್ಚಿ ಕನ್ನಡಿ ಎತ್ತಿಸಿದರು. ನೆಲದ ಮೇಲಿನ ಕೂದಲನ್ನು ಯಾರೂ ಗುಡಿಸಲಿಲ್ಲ. ಕಚೇರಿಯ ಗುಮಾಸ್ತರನ್ನೇ ಕೈಚೀಲ ಕೊಟ್ಟು ಪ್ರಯಾಣಿಕರಂತೆ ನಿಲ್ಲಿಸಲಾಯಿತು. ಫೋಟೋಗೆಂದು ಒಂದು ಬಸ್ಸಿಗೂ ಹೇಳಿದ್ದಾಯಿತು.

ಹಿಂದಿನ ದಿನ ಶ್ಯಾಮಣ್ಣ ಮನೆಯಲ್ಲಿ ಇಷ್ಟೇ ಹೇಳಿದ್ದರು: "ನಾಳೆ ಮದ್ಯಾಹ್ನ ಅಲ್ಲಿಗೆ ಬಸ್ಸು ಬತ್ತದಂತೆ." ಇಷ್ಟು ಸಾಕಾಯಿತು. ಬೈರಮ್ಮ ಹನುಮವ್ವನಿಗೆ ಹೇಳಿದರು, ಹನುಮವ್ವ ಪಾಳಿಗೆಲ್ಲ ಹೇಳಿದಳು.

ಸಮಿತಿಯ ಕಾರುಗಳು ಬಂದು ನಿಂತಾಗ ತಂಗುದಾಣದಲ್ಲಿ ಗುಮಾಸ್ತರಿಗೇ ಜಾಗವಿರಲಿಲ್ಲ. ಪಾಳಿ ಬಿಟ್ಟ ಹೆಂಗಸರು ಒಳಗೆ ತುಂಬಿ ಮೋರಿಯ ಕಟ್ಟೆಯ ಮೇಲೂ ಕೂತಿದ್ದರು. ಮಧ್ಯದಲ್ಲಿ ಬೈರಮ್ಮ, ರೇಷ್ಮೆ ಸೀರೆ ಉಟ್ಟು, ಸರ್ಕಾರಿ ಕಾರ್ಯಕ್ರಮಕ್ಕೆ ಬಂದವರಂತೆ.

"ನೋಡಿ ಸಾರ್, ಎಷ್ಟು ಪಬ್ಲಿಕ್ ಯೂಸ್ ಮಾಡ್ತಿದಾರೆ!" ಎಂದರು ಲೋಕೇಶ್. ಅವರ ಮುಖದಲ್ಲಿ ಬೆವರಿತ್ತು.

ಅಷ್ಟರಲ್ಲಿ ಬಸ್ಸು ಬಂತು. ತುಂಡು ರಸ್ತೆಯಲ್ಲಿ ತಿರುಗಿಸಲು ಜಾಗವಿಲ್ಲದೆ ಅದು ಹೆದ್ದಾರಿಯಿಂದ ಹಿಮ್ಮುಖವಾಗಿಯೇ ಬಂತು. ಕಂಡಕ್ಟರ್ ಹಿಂದೆ ನಿಂತು ಸೀಟಿ ಊದುತ್ತಿದ್ದ.

ಚನಬಸಪ್ಪನವರು ಕನ್ನಡಕ ಸರಿಮಾಡಿಕೊಂಡರು. "ಇದ್ಯಾಕ್ರಿ ಹಿಂದ್ಹಿಂದಕ ಬರಾಕತ್ತೈತಿ?"

"ಅದು ಸೇಫ್ಟಿ ಸಾರ್. ಹೊಸ ಪದ್ಧತಿ."

"ದಿನಾ ಬರತೈತೇನು?"

"ಡೈಲಿ ಸಾರ್! ಕರೆಕ್ಟಾಗಿ ಪಾಳಿ ಬಿಡೋ ಟೈಮಿಗೆ."

ಶ್ಯಾಮಣ್ಣನಿಗೆ ಸದನದಲ್ಲಿ ಆ ದಿನ ಬಾಯಿ ತೆರೆದು ಮುಚ್ಚಿದ್ದು ನೆನಪಾಯಿತು. ಎದುರಿಗೆ ಹೆಂಡತಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು; ಮುಖ್ಯ ಸಚೇತಕರ ನೋಟ ಇದರ ಮುಂದೆ ಏನೂ ಅಲ್ಲ.

"ಅಧ್ಯಕ್ಷರೇ," ಎಂದರು. ಕೆಮ್ಮಿ ಮತ್ತೆ ಹೇಳಿದರು. "ಅಧ್ಯಕ್ಷರೇ, ಸಾಹೇಬ್ರು ಈಗ ಏಳಿದ್ದು ನಡಾವಳಿಗೆ ಓಗ್ಲಿ. ದಿನಾ ಬತ್ತದೆ, ಪಾಳಿ ಬಿಡೋ ಒತ್ಗೆ ಬತ್ತದೆ ಅಂತ. ಅವರ ಎಸರಿನ ಸಮೇತ."

ಸಮಿತಿಯ ಕಾರ್ಯದರ್ಶಿ ಪೆನ್ನು ತೆಗೆದರು. ಲೋಕೇಶ್ ಏನೋ ಹೇಳಲು ಹೋದರು. ಬರುವುದಿಲ್ಲವೆಂದರೆ ಈಗಷ್ಟೇ ಹೇಳಿದ್ದು ಸುಳ್ಳಾಗುತ್ತಿತ್ತು, ಬರುತ್ತದೆಂದರೆ ನಾಳೆಯೂ ಬರಬೇಕಾಗುತ್ತಿತ್ತು. ಅವರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು.

ಇತ್ತ ಹೆಂಗಸರು ಬಸ್ಸು ಹತ್ತಿಯಾಗಿತ್ತು. ನೂಕಾಟದಲ್ಲಿ ಒಬ್ಬ ಗುಮಾಸ್ತನೂ ಒಳಗೆ ಹೋಗಿ ಕಿಟಕಿಯಿಂದ "ಸಾರ್, ಸಾರ್" ಎಂದು ಕೈ ಆಡಿಸುತ್ತಿದ್ದ. ಡ್ರೈವರ್ ತಲೆ ಹೊರಗೆ ಹಾಕಿ, "ಸಾರ್, ಫೋಟೋ ಆಯ್ತಲ್ಲ, ಎಲ್ರನ್ನೂ ಇಳಿಸ್ಬಿಡ್ಲಾ?" ಎಂದ.

"ಏನಂತಾನ್ರಿ ಅಂವ?" ಎಂದರು ಚನಬಸಪ್ಪನವರು.

"ಹೊರಡ್ಲಾ ಅಂತಿದಾನೆ ಸಾರ್," ಎಂದರು ಲೋಕೇಶ್ ಕ್ಷೀಣವಾಗಿ.

"ಹೊಂಡ್ಲಿ ಮತ್ತ!"

"ರೈಟ್! ರೈಟ್!" ಎಂದು ಬೈರಮ್ಮ ಬಸ್ಸಿನ ಬದಿಗೆ ಪಟಪಟನೆ ಬಡಿದರು. ಬಸ್ಸು ಗುಮಾಸ್ತನ ಸಮೇತ ಹೊರಟುಹೋಯಿತು.

ಮರುದಿನವೂ ಹೆಂಗಸರು ಅಲ್ಲೇ ನಿಂತರು. ಬೆಳಿಗ್ಗೆಯೇ ಲೋಕೇಶ್ ಫೋನ್ ಮಾಡಿದ್ದರು. "ಸಾರ್, ಅದು ಒಂದು ದಿನಕ್ಕೆ ಅಂತ ಅರೇಂಜ್ ಮಾಡಿದ್ದು. ಪ್ಲೀಸ್ ಸಾರ್, ನೀವು ಸ್ವಲ್ಪ ಹೇಳಿ."

"ನಾನೇನ್ ಏಳ್ಲಿ ಸಾರ್? ಏಳಿದ್ದು ನೀವೇ. ಬರ್ಕೊಂಡವ್ರು ಅವ್ರು," ಎಂದರು ಶ್ಯಾಮಣ್ಣ. ಅವರಿಗೆ ನಿಜಕ್ಕೂ ಆ ಮನುಷ್ಯನ ಮೇಲೆ ಕನಿಕರ ಬಂತು. ಆದರೂ ಫೋನ್ ಇಟ್ಟು ಕಾಫಿ ಕುಡಿಯುವಾಗ ಕಾಫಿ ಎಂದಿಗಿಂತ ರುಚಿಯಾಗಿತ್ತು.

ಬಸ್ಸು ಬಂತು. ಅದರ ಮಾರನೇ ದಿನವೂ ಬಂತು. ಕೆಲವು ದಿನ ಹಿಮ್ಮುಖವಾಗಿ ಬಂದು ಬಂದು, ಒಂದು ಸಲ ಚಕ್ರ ಮೋರಿಗೆ ಇಳಿದ ಮೇಲೆ, ಇಲಾಖೆಯವರು ರಸ್ತೆಯ ಇನ್ನೊಂದು ತುದಿಯನ್ನು ಒಡೆದು ಸರ್ವಿಸ್ ರಸ್ತೆಗೆ ಸೇರಿಸಿದರು. ಕಾಡಪ್ಪ ಪಕ್ಕದಲ್ಲೇ ತಗಡು ಹಾಕಿಕೊಂಡ. "ಜನ ಏನೋ ಜಾಸ್ತಿ ಆದ್ರು ಸಾರ್. ಆದ್ರೆ ಎಲ್ಲಾ ಕನ್ನಡಿ ನೋಡಿ ತಲೆ ಬಾಚ್ಕೊಂಡು ಬಸ್ ಹತ್ತೋರೇ" ಎಂದು ದೂರಿದ.

ಮುಖ್ಯ ಸಚೇತಕರು ಶ್ಯಾಮಣ್ಣನನ್ನು ಕರೆಸಿ, ಸ್ವಂತ ಪಕ್ಷದ ಸಚಿವರ ಭರವಸೆಯನ್ನು ಕೆದಕಿದ್ದಕ್ಕೆ ಚೆನ್ನಾಗಿ ಬೈದರು. ಅಷ್ಟರಲ್ಲಿ ಸಚಿವರಿಗೆ ಬೇರೆಯೇ ಹೊಳೆದಿತ್ತು. ಬಸ್ಸು ಓಡುತ್ತಿದೆ, ಸಮಿತಿಯೇ ಒಪ್ಪಿದೆ, ಹಾಗಾದರೆ ಒಂದು ಸಮಾರಂಭ ಯಾಕಾಗಬಾರದು? ಓಡುತ್ತಿರುವ ಬಸ್ಸನ್ನು ಉದ್ಘಾಟಿಸುವುದು ಹೇಗೆಂದು ಅಧಿಕಾರಿಗಳು ತಲೆ ಕೆರೆದುಕೊಂಡು, ಆಹ್ವಾನ ಪತ್ರಿಕೆಯಲ್ಲಿ "ಪುನರ್ ಲೋಕಾರ್ಪಣೆ" ಎಂದು ಅಚ್ಚು ಹಾಕಿಸಿದರು.

ಶಾಮಿಯಾನ ಹಾಕಿದರು. ಬಸ್ಸಿಗೆ ಚೆಂಡುಹೂವಿನ ಹಾರ ಬಿತ್ತು. ವೇದಿಕೆಯ ಹಿಂದಿನ ಸಾಲಿನಲ್ಲಿ ಶ್ಯಾಮಣ್ಣನಿಗೆ ಕುರ್ಚಿ ಕೊಟ್ಟರು. ಭಾಷಣಕಾರರಲ್ಲಿ ಅವರ ಹೆಸರಿರಲಿಲ್ಲ. ಸಚಿವರು ಈ ತಂಗುದಾಣದ ಕನಸು ತಮಗೆ ಬಾಲ್ಯದಲ್ಲೇ ಬಿದ್ದಿತ್ತೆಂದು ಶುರುಮಾಡಿದರು. ಪಾಳಿ ಬಿಟ್ಟು ಬಂದ ಹೆಂಗಸರು ಕುರ್ಚಿ ತುಂಬಿ ಕೂತು ಸ್ವಲ್ಪ ಹೊತ್ತು ಕೇಳಿದರು. ಸಚಿವರು ರಾಜ್ಯದ ಬೊಕ್ಕಸದ ಕಡೆ ತಿರುಗಿದಾಗ ಹನುಮವ್ವ ಎದ್ದಳು.

"ನಡೀರವ್ವಾ, ಬಸ್ಸಿನ ಹೊತ್ತಾತು. ಮನ್ಯಾಗ ಹುಡುಗ್ರು ಕಾಯ್ತಾವ."

ಒಬ್ಬಳ ಹಿಂದೆ ಒಬ್ಬಳು ಎದ್ದರು. ಡ್ರೈವರ್ ಗಡಿಯಾರ ನೋಡಿ, ನಡಾವಳಿಯಲ್ಲಿ ಬರೆದ ಹೊತ್ತು ಮೀರಬಾರದೆಂದು ಇಂಜಿನ್ ಚಾಲೂ ಮಾಡಿದ. ಸಚಿವರ ಮುಂದೆ ಖಾಲಿ ಕುರ್ಚಿಗಳೂ, ಲೋಕೇಶ್ ಮತ್ತು ಅವರ ಗುಮಾಸ್ತರೂ ಉಳಿದರು. ಶ್ಯಾಮಣ್ಣ ಒಂದು ಗಳಿಗೆ ಯೋಚಿಸಿದರು. ಆಮೇಲೆ ವೇದಿಕೆಯ ಹಿಂಬದಿಯಿಂದ ಇಳಿದು, ಪಂಚೆ ಎತ್ತಿ ಹಿಡಿದು, ಓಡಿಹೋಗಿ ಹಿಂಬಾಗಿಲಿನಲ್ಲಿ ಹತ್ತಿದರು.

ಹೆಂಗಸರು ಹೋ ಎಂದು ನಕ್ಕು ಜಾಗ ಮಾಡಿಕೊಟ್ಟರು. ಹನುಮವ್ವ ತನ್ನ ಸೀಟು ಬಿಡಲು ಎದ್ದಳು. ಶ್ಯಾಮಣ್ಣ ಅವಳನ್ನು ಕೂರಿಸಿ, ಮೇಲಿನ ಕಂಬಿ ಹಿಡಿದು ನಿಂತರು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಹೊಸ ಕಂಡಕ್ಟರ್ ಜನರನ್ನು ಸರಿಸುತ್ತಾ ಬಂದ.

"ಎಲ್ಲಿಗೆ ಯಜಮಾನ್ರೇ?"

ಶ್ಯಾಮಣ್ಣ ತಬ್ಬಿಬ್ಬಾದರು. ಅವರ ಪ್ರಶ್ನೆಯಲ್ಲಾಗಲೀ ಸಚಿವರ ಉತ್ತರದಲ್ಲಾಗಲೀ ಸಮಿತಿಯ ನಡಾವಳಿಯಲ್ಲಾಗಲೀ ಅದೊಂದು ವಿಷಯವನ್ನು ಯಾರೂ ಎತ್ತಿರಲಿಲ್ಲ.

"ಇದು... ಎಲ್ಲೀಗಂಟ ಓಯ್ತದಪ್ಪ?"

"ಅತ್ತಿಬೆಲೆ."

"ಅತ್ತಿಬೆಲೇಗೇ ಕೊಡು," ಎಂದು ಶ್ಯಾಮಣ್ಣ ಜೇಬಿಗೆ ಕೈ ಹಾಕಿದರು.